ಫೈನಲ್‌ನಲ್ಲಿ ಸೀಟಿ ಹೊಡೆದವರು

ಹಲೋ… ಹಾಂ, ಹಲೋ, ಯಾರು ಮಾತಾಡೋದು? ಸ್ವಲ್ಪ ಜೋರಾಗಿ ಹೇಳಿ, ನಾನು ಬಸ್ಸಲ್ಲಿದ್ದೇನೆ…

ಹೌದು, ರಘುಪತಿಯೇ. ಬಾಸ್ಕೆಟ್‌ಬಾಲ್ ರಘುಪತಿ. ರೆಫರಿ ಕ್ಲಾಸಿನ ನಂಬರು ಇದೇ… ಓಹೋ, ನೀವು ಕನ್ನಡದವರಾ! ಬೆಳಿಗ್ಗೆಯಿಂದ ಎಲ್ಲರ ಹತ್ರ ಮರಾಠಿಯಲ್ಲಿ ಬೈಸಿಕೊಂಡು ಸಾಕಾಗಿತ್ತು ಮಾರಾಯ್ರೆ. ಹೇಳಿ, ಹೇಳಿ…

ಮಲ್ಲಿಕಾ. ಕಲ್ಯಾಣ ಈಸ್ಟು. ಊರು ವಿಜಯಪುರ ಕಡೆ. ಸರಿ, ಸರಿ. ನಮ್ಮದು ಉಡುಪಿ ಹತ್ರ, ಈಗ ಠಾಣೆ. ಎಂತ ಆಗ್ಬೇಕಿತ್ತು?…

ಹೊಸದಾಗಿ ರೆಫರಿ ಆಗೋಕೆ ಏನೇನು ಬೇಕು ಅಂತಾ? ಬೇಕಾದಷ್ಟು ಉಂಟು. ಯಾರಿಗೆ, ಮಗನಿಗಾ?… ಮಗ ಇಲ್ಲ. ಯಜಮಾನರಿಗಾ?… ನಗ್ತೀರಲ್ಲ! ಮತ್ತೆ ಯಾರಿಗೆ?…

ನಿಮಗೇ!… ಇಲ್ಲ, ಇಲ್ಲ, ಅದಕ್ಕೆ ಸುಮ್ಮನಾದದ್ದಲ್ಲ, ಇಲ್ಲೊಬ್ಬರು ಮೀನಿನ ಬುಟ್ಟಿ ನನ್ನ ಕಾಲ ಮೇಲಿಟ್ರು. ಹೆಂಗಸರು ಯಾಕೆ ಆಗಬಾರ್ದು? ಬೇಕೇ ಬೇಕು ನಮಗೆ. ವಯಸ್ಸೆಷ್ಟು?… ಮೂವತ್ತೆಂಟು. ನಡೀತದೆ. ಓಡೋಕೆ ಆಗ್ತದಲ್ವಾ?…

ಲೋಕಲ್ ಹಿಡಿಯೋಕೆ ಓಡೋದು ಬೇರೆ ತಾಯಿ. ಇಲ್ಲಿ ಮೈದಾನದ ಈ ಗೆರೆಯಿಂದ ಆ ಗೆರೆಗೆ ಓಡ್ಬೇಕು. ಒಂದು ಡಬ್ಬ ಬೀಪ್ ಅಂತದೆ. ಅದು ಮತ್ತೆ ಬೀಪ್ ಅನ್ನೋದರೊಳಗೆ ಮುಟ್ಟಿರ್ಬೇಕು. ಬರ್ತಾ ಬರ್ತಾ ಅದಕ್ಕೆ ಅವಸರ ಜಾಸ್ತಿ ಆಗ್ತದೆ, ನಮಗೆ ಉಸಿರು ಕಮ್ಮಿ ಆಗ್ತದೆ…

ಸೀರೆ ಉಟ್ಟಾ? ಇಲ್ಲಮ್ಮ. ಕಪ್ಪು ಪ್ಯಾಂಟು, ಕಪ್ಪು ಶೂ, ಬೂದು ಶರ್ಟು… ಬೂದು ಅಂದ್ರೆ ಕಾಗೆ ಬಣ್ಣ ಅಲ್ಲ, ಪಾರಿವಾಳದ ಬಣ್ಣ… ಹಾಂ, ಪಂಜಾಬಿ ಡ್ರೆಸ್ಸೂ ಆಗೋದಿಲ್ಲ. ಓಢಣಿ ಹಿಡ್ಕೊಂಡು ಫೌಲ್ ತೋರಿಸೋದು ಹೇಗೆ, ನೀವೇ ಹೇಳಿ…

ಡಾಕ್ಟರ ಚೀಟಿ ಬೇಕು, ಆಧಾರ್ ಬೇಕು, ಎರಡು ಫೋಟೋ. ಭಾನುವಾರ ಬೆಳಿಗ್ಗೆ ಠಾಣೆಯಲ್ಲಿ ಕ್ಲಾಸು. ಮೊದಲು ನಿಯಮ ಕಲಿಸ್ತೇವೆ, ಕೈಸನ್ನೆ ಕಲಿಸ್ತೇವೆ. ಆಮೇಲೆ ಮೇಜಿನ ಹತ್ರ ಕೂತು ಸ್ಕೋರು ಬರೀಬೇಕು. ಅದು ಸರಿ ಹೋದ್ರೆ ಸಣ್ಣ ಮಕ್ಕಳ ಆಟಕ್ಕೆ ಬಿಡ್ತೇವೆ. ಕೊನೆಗೆ ಪರೀಕ್ಷೆ… ಕನ್ನಡದಲ್ಲಿ ಪೇಪರ್ ಇಲ್ಲ. ಹಿಂದಿ ಓದೋಕೆ ಬರ್ತದಲ್ಲ? ಸಾಕು. ಉಳಿದದ್ದು ನಾನೇ ಕೂತು ಹೇಳಿಕೊಡ್ತೇನೆ…

ಸೀಟಿ ನೀವೇ ತರ್ಬೇಕು. ಒಬ್ಬರ ಎಂಜಲು ಇನ್ನೊಬ್ಬರಿಗೆ ಕೊಡೋದಿಲ್ಲ… ಎಂತ? ಬೇಡ್ವಾ? ಬಾಯಲ್ಲೇ? ಎರಡು ಬೆರಳಿಟ್ಟು! ಅಯ್ಯೋ, ಅದು ನಡೆಯೋದಿಲ್ಲಮ್ಮ. ಎರಡು ಬೆರಳು ಬಾಯಲ್ಲಿದ್ರೆ ಸನ್ನೆ ಯಾವುದರಲ್ಲಿ ಮಾಡ್ತೀರಿ? ಅದೂ ಅಲ್ಲದೆ, ಈಗ ಸೀಟಿ ಅಂದ್ರೇ ನನಗೆ ಎದೆ ಧಸಕ್ ಅಂತದೆ…

ನೋಡಿ, ಕೇಳಿದ್ರಿ ಅಂತ ಹೇಳ್ತೇನೆ. ಹೋದ ಭಾನುವಾರ ನೆರೂಲ್‌ನಲ್ಲಿ ಹುಡುಗಿಯರ ಫೈನಲ್ ಇತ್ತು. ಕಲ್ಯಾಣದವರು, ಸೀವುಡ್ಸ್‌ನವರು. ನಾನೇ ರೆಫರಿ. ಎರಡೂ ಕಡೆ ಸ್ಕೋರು ಸಮ. ಇನ್ನು ಒಂದೆರಡು ಉಸಿರು ಎಳೆಯೋಷ್ಟು ಹೊತ್ತು ಉಳಿದಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಸೀಟಿ! ಎಂಥಾ ಸೀಟಿ ಅಂತೀರಿ! ಮೈದಾನದಲ್ಲಿ ಹತ್ತು ಹುಡುಗಿಯರಲ್ಲಿ ಒಂಬತ್ತು ಮಂದಿ ನಿಂತಲ್ಲೇ ನಿಂತುಬಿಟ್ರು. ನಾನು ಊದಿದ್ದು ಅಂತ ಅವರ ಲೆಕ್ಕ. ಒಬ್ಬಳು ಮಾತ್ರ ನಿಲ್ಲಲಿಲ್ಲ. ಕಲ್ಯಾಣದ ಹುಡುಗಿ. ಚೆಂಡು ಎತ್ತಿಕೊಂಡು ಹೋದಳು, ಹಾಕಿದಳು, ಗೆದ್ರು…

ಗಲಾಟೆ ಆಗದೆ ಇರ್ತದಾ? ಸೀವುಡ್ಸ್‌ನ ಅಪ್ಪ ಅಮ್ಮಂದಿರು ನನ್ನನ್ನು ಪಾರ್ಕಿಂಗ್ ತನಕ ಅಟ್ಟಿಸಿಕೊಂಡು ಬಂದ್ರು. ಒಬ್ಬರ ಕೈಯಲ್ಲಿ ಛತ್ರಿ! ನಾನು ಊದಲಿಲ್ಲ ಅಂದ್ರೆ ಯಾರೂ ನಂಬೋದಿಲ್ಲ. ಊದಿದ್ರಿ, ತಪ್ಪಾಯ್ತು ಅಂತ ಗೊತ್ತಾಗಿ ಸುಳ್ಳು ಹೇಳ್ತಿದ್ದೀರಿ ಅಂತಾರೆ. ಇವತ್ತು ಸಂಜೆ ಬೇಲಾಪುರದಲ್ಲಿ ಕಮಿಟಿ ಮೀಟಿಂಗು. ಅಲ್ಲಿಗೇ ಹೊರಟದ್ದು. ಸೀಟಿ ಹೊಡೆದವರು ಸಿಗದಿದ್ರೆ ನನ್ನ ಬ್ಯಾಡ್ಜು ಬಿಚ್ಚಿಸ್ತಾರೆ, ಕ್ಲಾಸೂ ಬೇರೆಯವರಿಗೆ. ಇಪ್ಪತ್ತು ವರ್ಷ ಓಡಿದವನಮ್ಮ ನಾನು. ಆ ಮನುಷ್ಯ ಒಬ್ಬ ಕೈಗೆ ಸಿಕ್ಕಿದ್ರೆ, ಅವನಿಗೆ ಸೀಟಿ ನುಂಗಿಸಿ ನೀರು ಕುಡಿಸ್ತೇನೆ…

ಹಲೋ? ಮಲ್ಲಿಕಾ ಅವರೇ? ಎಂತ ಮೆಲ್ಲಗೆ ಕೇಳಿದ್ರಿ?…

ಅಂಥವರಿಗೆ ರೆಫರಿ ಆಗೋಕೆ ಬಿಡ್ತಾರಾ ಅಂತಾ? ಅಂಥವರು ಅಂದ್ರೆ ಯಾರು?… ಇಲ್ಲ, ನಿಯಮದಲ್ಲಿ ಹಾಗೇನೂ ಬರೆದಿಲ್ಲ. ಯಾಕೆ ಕೇಳ್ತೀರಿ? ನಿಮಗೇನಾದ್ರೂ ಗೊತ್ತುಂಟಾ?…

ಹಾಂ?…

ಇನ್ನೊಂದು ಸಲ ಹೇಳಿ. ಬಸ್ಸು ಹೊಂಡಕ್ಕೆ ಬಿತ್ತು, ಕೇಳಿಸಲಿಲ್ಲ…

ನೀವಾ!…

ಇಲ್ಲ, ಕೂಗ್ತಾ ಇಲ್ಲ. ಕೂಗಿದ್ನಾ? ಸರಿ, ಕೂಗೋದಿಲ್ಲ. ಅಳಬೇಡಿ… ನುಂಗಿಸೋದಿಲ್ಲಮ್ಮ, ಅದು ಮಾತಿಗೆ ಅಂದದ್ದು. ನಿಮ್ಮದು ಬೆರಳಲ್ವಾ, ನುಂಗಿಸೋದಾದ್ರೂ ಹೇಗೆ? ಯಾಕೆ ಹೊಡೆದ್ರಿ, ಅದನ್ನು ಹೇಳಿ…

ಯಜಮಾನರನ್ನು ಕರೆಯೋಕೆ. ವಿಠಲ ಅಂತ ಹೆಸರು. ಆಯ್ತು. ಎಲ್ಲಿಗೆ ಹೋಗಿದ್ರು?… ಸೀವುಡ್ಸ್‌ನವರ ಕಡೆ? ಅಲ್ಲಿ ಎಂತ ಮಾಡ್ತಿದ್ರು?… ಢೋಕ್ಲಾ ತಿಂತಿದ್ರು! ಅವರದ್ದು! ನಮ್ಮವರೇ ಹಂಚ್ತಿದ್ದಾರೆ ಅಂತ ತಿಳ್ಕೊಂಡು ತಟ್ಟೆ ಹಿಡಿದು ಕೂತಿದ್ರಾ?… ಎರಡನೇ ತಟ್ಟೆ. ನಿಮಗೆ ಮರ್ಯಾದೆ ಹೋದ ಹಾಗಾಯ್ತು, ಫೋನ್ ಮಾಡಿದ್ರೆ ಎತ್ತಲಿಲ್ಲ, ಅದಕ್ಕೆ ಸೀಟಿ…

ಒಂಬತ್ತು ಹುಡುಗಿಯರು ನಿಂತ್ರಲ್ಲ, ನಿಮ್ಮ ಯಜಮಾನರು ತಿನ್ನೋದು ನಿಲ್ಲಿಸಿದ್ರಾ?… ಇಲ್ವಾ! ತಲೆ ಕೂಡ ಎತ್ತಲಿಲ್ವಾ! ದೇವರೇ…

ನೋಡಿ ಮಲ್ಲಿಕಾ ಅವರೇ, ನೀವು ಇದನ್ನೇ ಬಂದು ಕಮಿಟಿ ಮುಂದೆ ಹೇಳಿದ್ರೆ ನಾನು ಬದುಕಿದೆ. ಬರ್ತೀರಲ್ವಾ?… ಯಾಕೆ ಆಗೋದಿಲ್ಲ?… ಹಾಂ… ಹಾಂ… ಆ ಹುಡುಗಿ ನಿಮ್ಮ ಅಕ್ಕನ ಮಗಳಾ? ಬಾಸ್ಕೆಟ್ ಹಾಕಿದವಳು? ಅನುಷ್ಕಾ?…

ಅರ್ಥ ಆಯ್ತು. ನೀವು ಒಪ್ಪಿಕೊಂಡ್ರೆ ಆಟ ಇನ್ನೊಂದು ಸಲ ಆಡಿಸ್ತಾರೆ, ಗೆದ್ದ ಕಪ್ಪು ವಾಪಸ್ ಕೊಡ್ಬೇಕು. ಹೌದು, ಅದು ನಿಜ, ನಾನು ಸುಳ್ಳು ಹೇಳೋದಿಲ್ಲ. ಅವಳು ಅದನ್ನು ತಲೆ ಹತ್ರ ಇಟ್ಕೊಂಡು ಮಲಗ್ತಾಳೆ ಅಂದ್ರೆ ನನಗೂ ಸಂಕಟವೇ ಆಗ್ತದೆ. ಆದ್ರೆ ನೀವೇ ಫೋನ್ ಮಾಡಿದ್ರಲ್ಲ? ಮನಸ್ಸು ಕಚ್ತಾ ಇದ್ದದ್ದಕ್ಕೇ ಅಲ್ವಾ?… ಹಾಂ. ರೆಫರಿ ಆಗ್ಬೇಕು ಅಂತಲೂ ಆಸೆ, ಅದೂ ನಿಜ. ಗೊತ್ತಾಯ್ತು…

ಇನ್ನೊಂದು ತೊಂದರೆ. ಬೆರಳಲ್ಲಿ ಅಷ್ಟು ದೊಡ್ಡ ಸೀಟಿ ಅಂದ್ರೆ ಕಮಿಟಿಯವರು ನಂಬಬೇಕಲ್ಲ? ನನಗೇ ನಂಬಿಕೆ ಬರ್ತಾ ಇಲ್ಲ… ಈಗಲಾ? ಬೇಡ ಬೇಡ, ನಾನು ಸ್ಪೀಕರ್ ಹಾಕಿದ್ದೇನೆ, ಬಸ್ಸಲ್ಲಿ ಜನ—

ಅಯ್ಯಯ್ಯೋ!…

ಹಲೋ… ಒಂದು ನಿಮಿಷ… ನಹೀ ಭಾಯ್, ಮೈನೆ ನಹೀ ಬಜಾಯಾ! ಫೋನ್ ಮೇ ಸೆ ಆಯಾ!… ಮಲ್ಲಿಕಾ ಅವರೇ, ಡ್ರೈವರ್ ಬ್ರೇಕ್ ಹಾಕಿಬಿಟ್ಟ. ಟ್ರಾಫಿಕ್ ಪೊಲೀಸರು ಹಿಡಿದ್ರು ಅಂತ ತಿಳಿದು ಇಳಿದೇ ಹೋಗಿದ್ದಾನೆ, ಕಾಗದ ಹಿಡ್ಕೊಂಡು ರಸ್ತೆಯಲ್ಲಿ ಪೊಲೀಸರನ್ನು ಹುಡುಕ್ತಾ ಇದ್ದಾನೆ… ಮೀನೆಲ್ಲಾ ನನ್ನ ಮಡಿಲಲ್ಲಿ… ಮಾವಶಿ, ಘ್ಯಾ, ಹೇ ತುಮಚೆ ಬಾಂಗ್ಡೆ… ಹೋ, ಹೋ, ಉತರತೋ! ಉತರತೋ!…

ಇಳಿಸಿಬಿಟ್ರು. ತುರ್ಭೆಯಲ್ಲಿದ್ದೇನೆ. ಮೈಯೆಲ್ಲಾ ಮೀನು ವಾಸನೆ… ಕ್ಷಮೆ ಎಂತಕ್ಕೆ? ಸಾಕ್ಷಿ ಸಿಕ್ಕಿತಲ್ಲ! ಇಡೀ ಬಸ್ಸು ಸಾಕ್ಷಿ. ಮಲ್ಲಿಕಾ ಅವರೇ, ನಾನು ಇಪ್ಪತ್ತು ವರ್ಷ ಊದಿದ್ದೇನೆ, ಒಂದು ಬಸ್ಸೂ ನಿಂತಿಲ್ಲ. ನಿಮ್ಮನ್ನು ಕ್ಲಾಸಿಗೆ ಸೇರಿಸ್ಕೊಳ್ಳದೆ ಬಿಡೋದಿಲ್ಲ…

ಯಾರು? ಅನುಷ್ಕಾ ಅಲ್ಲೇ ಇದ್ದಾಳಾ? ಎಲ್ಲಾ ಕೇಳಿಸಿಕೊಂಡಳಾ?… ಕೊಡಿ, ಕೊಡಿ. ಪಾಪ…

ಹಾಂ ಬೇಟಾ, ಬೋಲೋ… ಕನ್ನಡ ಅರ್ಥ ಆಗ್ತದಲ್ಲ? ಆಯ್ತು, ನೀನು ಹಿಂದಿಯಲ್ಲೇ ಹೇಳು, ನಾನು ಕನ್ನಡದಲ್ಲಿ ಕೇಳ್ತೇನೆ…

ಮೊದಲು ಇದು ಹೇಳು ಮಗಾ. ಎಲ್ಲರೂ ನಿಂತ್ರಲ್ಲ, ನೀನು ಮಾತ್ರ ಯಾಕೆ ನಿಲ್ಲಲಿಲ್ಲ?…

ಗೊತ್ತಿತ್ತಾ! ಮಲ್ಲಿಕಾ ಮಾವಶಿಯ ಸೀಟಿ ಅಂತ ನಿನಗೆ ಗೊತ್ತಿತ್ತಾ!… ದಿನಾ ಬೆಳಿಗ್ಗೆ ಐದನೇ ಮಾಳಿಗೆಯಿಂದ ವಿಠಲ ಕಾಕಾನನ್ನು ಚಹಾಕ್ಕೆ ಕರೆಯೋದು ಅದೇ ಸೀಟಿಯಲ್ಲಾ… ಅಂದ್ರೆ ನೀನು ಕಾಕಾನನ್ನು ಕರೀತಿದ್ದಾರೆ ಅಂತ ತಿಳಿದು ಆಡ್ತಾ ಹೋದೆ. ಪಾಪ, ನಿನ್ನ ತಪ್ಪು ಏನೂ ಇಲ್ವಲ್ಲ ಮಗಾ. ಏನೇನೂ ಇಲ್ಲ…

ಹಾಂ… ಹಾಂ… ಎಂತ ಅಂದೆ?… ಗೆದ್ದ ಹಾಗೆ ಅನ್ನಿಸಲಿಲ್ವಾ? ನಿನ್ನನ್ನು ತಡೆಯೋಕೆ ಒಬ್ಬಳೂ ಬರಲಿಲ್ಲ, ಗೋಡೆ ಎದುರು ಆಡಿದ ಹಾಗಿತ್ತು…

ಇನ್ನೊಂದು ಸಲ ಆಡ್ತೀಯಾ? ಸೋತ್ರೆ?… ಸೋಲೋದಿಲ್ಲ ಅಂತೀಯಾ. ಭಲೇ!… ಇಲ್ಲ, ನನಗೇನೂ ಆಗಿಲ್ಲ, ಇಲ್ಲಿ ಧೂಳು ಜಾಸ್ತಿ. ತುರ್ಭೆ ಅಲ್ವಾ, ಲಾರಿ ಹೋಗ್ತವೆ. ಮಾವಶಿಗೆ ಕೊಡು…

ಮಲ್ಲಿಕಾ ಅವರೇ, ಕೇಳಿದ್ರಾ? ನಮ್ಮಿಬ್ಬರಿಗಿಂತ ಅವಳೇ ದೊಡ್ಡವಳು. ಹೊರಡಿ ಇನ್ನು. ನಾನು ಇಲ್ಲಿಂದ ರಿಕ್ಷಾ ಹಿಡೀತೇನೆ. ಬೇಲಾಪುರ ಸ್ಟೇಷನ್ನಿನ ಹೊರಗೆ ನಿಂತಿರ್ತೇನೆ. ವಾಸನೆ ಹಿಡಿದು ಬನ್ನಿ, ಸಿಗ್ತೇನೆ…

ಯಾರದ್ದು ಅದು ಕೂಗು? ಏನಾಯ್ತು?… ನಿಮ್ಮ ಅಕ್ಕ ಬಂದ್ರಾ? ನಾಗವೇಣಿ, ಅನುಷ್ಕಾಳ ಅಮ್ಮ… ಕಪ್ಪು ವಾಪಸ್ ಅಂದದ್ದು ಕೇಳಿಸಿತಾ? ಅಯ್ಯೋ. ಏನಂತಾರೆ?… ಅದೆಲ್ಲಾ ನನಗೇ ಕೇಳಿಸ್ತಾ ಉಂಟು, ಹೇಳೋದು ಬೇಡ…

ಮಲ್ಲಿಕಾ ಅವರೇ, ಕೇಳಿ ಇಲ್ಲಿ. ತಿರುಗಿ ಕೂಗಬೇಡಿ. ರೆಫರಿ ಜಗಳಕ್ಕೆ ಇಳಿಯೋದಿಲ್ಲ. ಬೆನ್ನು ನೆಟ್ಟಗೆ ಮಾಡಿ. ಮುಖದಲ್ಲಿ ನಗು ಬೇಡ, ಸಿಟ್ಟೂ ಬೇಡ. ತೀರ್ಮಾನ ಒಂದೇ ಸಲ ಹೇಳಿ: ಆಟ ಮತ್ತೆ ಆಡ್ತಾರೆ. ಹೇಳಿ ಹಿಂದೆ ಸರೀರಿ. ಹೂಂ, ಹೇಳಿ…

ಹೇಳಿದ್ರಾ? ಭೇಷ್!… ಲಟ್ಟಣಿಗೆ ಎತ್ತಿಕೊಂಡ್ರಾ? ಎಷ್ಟು ದೂರದಲ್ಲಿದ್ದಾರೆ?… ಹಾಗಾದ್ರೆ ಇನ್ನೂ ಸ್ವಲ್ಪ ಹಿಂದೆ ಸರೀರಿ. ತೀರ್ಪು ಮಾತ್ರ ಬದಲಾಯಿಸಬೇಡಿ! ನಮ್ಮ ಕೆಲಸದಲ್ಲಿ ಇದೇ ಕಷ್ಟದ್ದು, ಬೀಪಿಗೆ ಓಡೋದೆಲ್ಲಾ ಸುಲಭ… ಹಾಂ? ಫೋನ್ ಕೇಳ್ತಿದ್ದಾರಾ? ನನ್ನ ಹತ್ರ ಮಾತಾಡ್ಬೇಕಂತಾ? ಕೊಡಬೇಡಿ, ಕೊಡಬೇ—

ನಮಸ್ಕಾರ ಅಕ್ಕಾ. ನಾನು ರಘುಪತಿ ಅಂತ, ರೆಫರಿ… ಹೌದಕ್ಕಾ, ಅದೇ ರೆಫರಿ… ಇಲ್ಲಕ್ಕಾ, ನಿಮ್ಮ ತಂಗಿಗೆ ಮಂಕುಬೂದಿ ಎರಚಿಲ್ಲ, ಬೂದು ಶರ್ಟು ತಗೊಳ್ಳಿ ಅಂತ ಹೇಳಿದ್ದು… ಅಕ್ಕಾ, ನಿಮ್ಮ ಮಗಳೇ ಸ್ವತಃ… ಒಂದು ಮಾತು ಕೇಳಿ… ಅಕ್ಕಾ, ನೀವು ಇಷ್ಟು ಜೋರಾಗಿ ಮಾತಾಡ್ತೀರಲ್ಲ, ನೀವೂ ಭಾನುವಾರ ಕ್ಲಾಸಿಗೆ—

ಹಲೋ?… ಹಲೋ?