ಒಂದು ಕುರ್ಚಿ ಮುಂದೆ

ಸರ್ಬಿಯಾದ ನೀಶ್ ನಗರದ ನಮ್ಮ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಗೆ ಬಂದ ಕ್ರಮದಲ್ಲೇ ಕುರ್ಚಿ ಹಿಡಿಯುತ್ತಾರೆ. ಒಬ್ಬರು ಒಳಗೆ ಹೋದರೆ ಉಳಿದವರು ಒಂದೊಂದು ಕುರ್ಚಿ ಮುಂದೆ ಸರಿಯುತ್ತಾರೆ. ಪ್ರೋಗ್ರಾಮಿಂಗ್ ಪರೀಕ್ಷೆಯ ದಿನ ಎರಡನೇ ಕುರ್ಚಿಯಲ್ಲಿ ವೂಕಾಶಿನ್ ಬೆವರುತ್ತಿದ್ದ. ಗೆಳತಿ ತಿಯಾನಾ ಎದುರು ನಿಂತಿದ್ದಳು. ಒಂದು ಕಾಗದಕ್ಕೆ ಕಚೇರಿಯ ಮೊಹರು ಹಾಕಿಸಲು ಅಲ್ಲೇ ಕಾದಿದ್ದ ನಾನು ಅವರ ಮಾತು ಕೇಳಿಸಿಕೊಂಡೆ.

“ಇವತ್ತೂ ಫೇಲಾದ್ರೆ ವರ್ಷ ಹೋಯ್ತು ಕಣೇ.”

“ಹಾಗಾದ್ರೆ ಹೇಳು. ಪ್ರೋಗ್ರಾಮ್‌ನಲ್ಲಿ ತಾನೇ ಹಿಗ್ಗಿ ಕುಗ್ಗೋ ಹೆಸರುಗಳ ಪಟ್ಟಿ ಇದೆ. ಬೇಡದ ಎರಡು ಹೆಸರು ಅಕ್ಕಪಕ್ಕ ಇವೆ. ಮೊದಲಿಂದ ಒಂದೊಂದೇ ಜಾಗ ನೋಡಿ ತೆಗೀತಾ ಹೋದ್ರೆ?”

“ಎರಡೂ ಹೋಗ್ತವೆ.”

“ಒಂದು ಉಳಿಯತ್ತೆ ಮಾರಾಯ! ಎಷ್ಟು ಸಲ ಹೇಳ್ಲಿ?”

“ಯಾಕೆ ಉಳಿಯತ್ತೆ, ಅದನ್ನ ಹೇಳು.”

ಅಷ್ಟರಲ್ಲಿ ಪ್ರೊಫೆಸರರ ಸಹಾಯಕಿ ಬಾಗಿಲಿಗೆ ಬಂದು ಮೊದಲ ಕುರ್ಚಿಯವನನ್ನು ಕರೆದಳು. ಎಲ್ಲರೂ ಸರಿದರು. ಹತ್ತು ನಿಮಿಷದ ಮೇಲೆ ಮತ್ತೆ ಇಣುಕಿದಳು.

“ಒಂದನೇ ಕುರ್ಚಿ ಮುಗೀತು. ಈಗ ಎರಡನೇ ಕುರ್ಚಿ.”

ವೂಕಾಶಿನ್‌ನ ಹಿಂದಿದ್ದವನು ಎದ್ದ.

“ಏಳೋ, ಸರದಿ ನಿಂದು!” ಎಂದಳು ತಿಯಾನಾ.

“ತಡಿ. ನಾನು ಒಂದನೇ ಕುರ್ಚಿಗೆ ಸರಿದೆ, ಅವರು ಎರಡನೇದನ್ನ ನೋಡಿದ್ರು. ಅದಕ್ಕೇ ನಾನು ಉಳಿದೆ!”

“ಅದೇ ಕಣೋ! ಯಾರೂ ತಪ್ಪಿಹೋಗಬಾರದು ಅಂದ್ರೆ?”

“ಕೊನೆಯಿಂದ ತೆಗೀಬೇಕು. ಆಗ ಮುಂದೆ ಕೂತವರು ತಮ್ಮ ಜಾಗದಿಂದ ಸರಿಯೋದೇ ಇಲ್ಲ.”

“ಏನಪ್ಪಾ ಗಲಾಟೆ?” ಸಹಾಯಕಿ ಗದರಿದಳು.

“ಮೇಡಂ, ನೀವು ಕರೆಯೋ ರೀತೀನೇ ತಪ್ಪು!”

“ಹೌದಾ? ಬಾ, ಪ್ರೊಫೆಸರ್ ಮುಂದೆ ಹೇಳು.”

ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ವೂಕಾಶಿನ್ ಒಳಗೆ ನುಗ್ಗಿದ.