ಸೇತುವೆಯ ಸಾಲಿನಲ್ಲಿ ಕೂತವರು

ನಾರ್ವಾ ಊರಿನ ಗಡಿ ಸೇತುವೆ ದಾಟುವ ಸಾಲಿನಲ್ಲಿ ಕ್ಷೌರಿಕ ಆರ್ಸೆನಿ ಬೆಳಗಿನಿಂದ ನಿಂತಿದ್ದ. ಯುದ್ಧಕ್ಕೆ ಮುಂಚೆ ಹತ್ತು ನಿಮಿಷದಲ್ಲಿ ಆಚೆಗಿನ ರಷ್ಯಾ ಸೇರುತ್ತಿದ್ದರು. ಈಗ ಅಷ್ಟು ಹೊತ್ತಿನಲ್ಲಿ ಸಾಲು ಒಂದು ಹೆಜ್ಜೆ ಜರುಗಿದರೆ ಪುಣ್ಯ. ಅವನ ಮುಂದೆ ಮುದುಕಿ ಕಾಪಿತೊಲಿನಾ, ಜೊತೆಗೆ ಅವಳನ್ನು ಕಳಿಸಿಕೊಡಲು ಬಂದ ಗಂಡ ರೋದಿಯಾನ್. ಗೇಟಿಗೆ ಮುಂದೆ ಇನ್ನಿಬ್ಬರೇ ಇದ್ದಾರೆ ಎನ್ನುವಾಗ ಆಕೆ ಎದೆ ಹಿಡಿದುಕೊಂಡಳು.

“ಅಯ್ಯೋ, ಹೊರಡೋ ಮುಂಚೆ ಮನೇಲಿ ಕೂತ್ಕೊಳ್ಳಲೇ ಇಲ್ಲ!”

“ಆರು ಗಂಟೆಯಿಂದ ನಿಂತಿದೀವಿ. ಈಗ ನೆನಪಾಯ್ತಾ?”

“ಒಂದು ನಿಮಿಷ ಸುಮ್ನೆ ಕೂರದೆ ಯಾರಾದ್ರೂ ಪ್ರಯಾಣ ಹೊರಡ್ತಾರಾ? ನಾನು ವಾಪಸ್ ಬರದೇ ಹೋದ್ರೆ? ನಡಿ ಮನೆಗೆ.”

“ಸಾಲು ಬಿಟ್ರೆ ನಿಮ್ಮಕ್ಕನ ಎಂಬತ್ತನೇ ಹುಟ್ಟುಹಬ್ಬ ತಪ್ಪಿಹೋಗುತ್ತೆ, ಕಾಪಾ.”

“ನಿನಗೆ ಅದೇ ಬೇಕಿತ್ತು. ಅವಳನ್ನ ಕಂಡ್ರೆ ಆಗಲ್ಲ.”

“ಆಗಲ್ಲ. ಅದಕ್ಕೇ ಅವಳ ಕೇಕು ಬೆಳಗಿಂದ ನಾನು ಹೊತ್ಕೊಂಡು ನಿಂತಿದೀನಿ. ಇಲ್ಲೇ ಕೂರು.”

ರೋದಿಯಾನ್ ಅವಳನ್ನು ಸೂಟ್‌ಕೇಸಿನ ಮೇಲೆ ಕೂರಿಸಿ, ತಾನು ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. ಆರ್ಸೆನಿಗೂ ತಾನು ಮನೆಯಲ್ಲಿ ಕೂತ ನೆನಪಿರಲಿಲ್ಲ; ಅವನೂ ಕೂತ. ಅವನ ಹಿಂದಿನ ನಾನೂರು ಜನ, ಯಾಕೆ ಅಂತ ಒಬ್ಬರೂ ಕೇಳದೆ, ತಂತಮ್ಮ ಚೀಲಗಳ ಮೇಲೆ ಕೂತರು.

“ಮುಂದಿನವರು!” ಕಾವಲುಗಾರ ಕೂಗಿದ. ನಾನೂರು ಬೆರಳು ತುಟಿಗೆ ಹೋದವು. ಅವನೂ ಬಾಯಿ ಮುಚ್ಚಿಕೊಂಡ.

ನಿಮಿಷ ಮುಗಿದು ಕಾಪಿತೊಲಿನಾ ಎದ್ದಳು.

“ನೀನೂ ಏಳು. ಮನೆಗೆ ಹೋಗು.”

“ಹೋಗ್ತೀನಿ ಬಿಡು. ಎಷ್ಟು ಹೊತ್ತು ಕೂತಿದ್ರೆ ಹೋದವರು ಅಷ್ಟು ಬೇಗ ವಾಪಸ್ ಬರ್ತಾರಂತೆ.”

“ಯಾರು ಹೇಳಿದ್ದು?”

“ಈಗ ತಾನೇ, ನಾನು.”

ಆಕೆ ಅವನ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದು, ಕೇಕು ಇಸಿದುಕೊಂಡು, ಗೇಟು ದಾಟಿದಳು.