ಬಣ್ಣದ ಪೆಟ್ಟಿಗೆ ಇವತ್ತು ಮನೆಯಲ್ಲೇ ಇದೆ

ಅಧ್ಯಕ್ಷರಾದ ಜಯಸಿಂಹ ಅವರೇ, ಹಾರ ಹಾಕಿ ನನ್ನ ಕುತ್ತಿಗೆ ಬಗ್ಗಿಸಿದ ಅತಿಥಿಗಳೇ, ಮಕ್ಕಳ ನಾಟಕ ನೋಡಲು ಬಂದು ನನ್ನ ಭಾಷಣಕ್ಕೆ ಸಿಕ್ಕಿಬಿದ್ದ ಅಮೃತಹಳ್ಳಿಯ ಸಭಿಕರೇ!

ಮೂವತ್ತೈದು ವರ್ಷ ನಾಟಕದವರ ಮುಖಕ್ಕೆ ಬಣ್ಣ ಹಚ್ಚಿದ ಈ ಮುನಿನಾರಾಯಣಪ್ಪನಿಗೆ ಸನ್ಮಾನ ಮಾಡಿದ್ದೀರಿ. ಶಾಲು ಹೊದಿಸಿದಿರಿ, ಸಂತೋಷ. ಸೆಂಟು, ಪೌಡರು, ಕ್ರೀಮು ತುಂಬಿದ ಈ ಡಬ್ಬವನ್ನೂ ಕೊಟ್ಟಿರಿ. ಇದನ್ನು ಮಾತ್ರ ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ. ಅಹಂಕಾರವೇ? ಅಲ್ಲ ಸ್ವಾಮಿ, ಭಯ!

ನಮ್ಮಲ್ಲೊಂದು ಪದ್ಧತಿ. ಪರದೆ ಏಳುವ ಮುಂಚೆ ಪಾತ್ರಧಾರಿಯ ಕಿವಿಯ ಹಿಂದೆ ಎರಡು ಹನಿ ಸೆಂಟು ಹಚ್ಚಬೇಕು, ಅಳುಕು ಹೋಗುತ್ತದೆ. ನಮ್ಮ ಬೀದಿಯ ಒಬ್ಬ ತಾತ ಇದನ್ನೇ ನಾಲ್ಕು ವರ್ಷದ ಮೊಮ್ಮಗಳಿಗೂ ಶುರುಮಾಡಿದ. ದಿನಾ ಬೆಳಿಗ್ಗೆ ಸೆಂಟು, ಮೈತುಂಬ ದೊಡ್ಡವರ ಲೋಷನ್ನು, ಉಗುರಿಗೆ ಬಣ್ಣ. ಸೊಸೆ ಸರಳಾ, "ಮಾವ, ಅವ್ಳು ಹೋಗ್ತಿರೋದು ಸ್ಕೂಲಿಗೆ, ಸ್ಟೇಜಿಗಲ್ಲ" ಅಂದಳು. ಕೇಳಿದೆನೇ? ಕೇಳಲಿಲ್ಲ!

ಹೂಂ, ನಗಿ. ಆ ತಾತ ನಾನೇ. ಬೇರೆಯವರ ಕಥೆಯೆಂದು ಹೇಳುವುದಾಗಿ ಮಗುವಿಗೆ ಮಾತು ಕೊಟ್ಟಿದ್ದೆ, ಅರ್ಧದಲ್ಲೇ ತಪ್ಪಿದೆ.

ಏಳನೇ ವರ್ಷಕ್ಕೇ ಅವಳು ದೊಡ್ಡವಳಾಗುವ ಲಕ್ಷಣ ಕಂಡಿತು. ಹೆಬ್ಬಾಳದ ಡಾಕ್ಟರು ಸೀತಾ ಮೇಡಂ, "ಮನೇಲಿ ಏನೇನ್ ಹಚ್ತೀರೋ ಎಲ್ಲಾ ತನ್ನಿ" ಅಂದರು. ಬಣ್ಣದ ಪೆಟ್ಟಿಗೆಯನ್ನೇ ಹೊತ್ತು ಹೋಗಿ, ಎದೆ ಉಬ್ಬಿಸಿ, ಒಂದೊಂದೇ ಶೀಶೆ ಅವರ ಮುಂದೆ ಜೋಡಿಸಿದೆ. ಮೆಚ್ಚಿಕೊಂಡರು ಅಂದುಕೊಂಡೆ, ನೋಡಿ!

"ಇದ್ರಿಂದಲೇ ಹಿಂಗಾಯ್ತು ಅಂತ ಹೇಳಕ್ಕಾಗಲ್ಲ ಯಜಮಾನ್ರೇ. ಆದ್ರೆ ಇಂಥದ್ರಲ್ಲಿರೋ ಕೆಲವು ಕೆಮಿಕಲ್ಲು ಮೈಯೊಳಗೆ ಹೋಗಿ ಹಾರ್ಮೋನಿನ ವೇಷ ಹಾಕ್ತವೆ. ಬೇಡದ್ದೆಲ್ಲ ಬಿಟ್ಬಿಡಿ."

ವೇಷ! ಜೀವಮಾನವೆಲ್ಲ ವೇಷ ಕಟ್ಟಿದವನಿಗೆ ಆ ವೇಷ ಕಾಣಲಿಲ್ಲ. ಭೂತಗನ್ನಡಿ ಹಿಡಿದು ಶೀಶೆಯ ಹಿಂಬದಿ ಓದಿದೆ. ಸುಗಂಧ ಅಂತ ಒಂದೇ ಪದ. ಅದರೊಳಗೆ ಏನೇನಿದೆಯೋ ಬರೆದಿಲ್ಲ. ಹಾಗಂತ ಹಳೆಯದೆಲ್ಲ ಅಮೃತವೇ? ನಮ್ಮ ಕಾಲದ ಬಿಳಿ ಬಣ್ಣದಲ್ಲಿ ಏನಿತ್ತೋ, ಯಾರು ಕೇಳಿದ್ದರು? ಈಗ ಮನೆಯಲ್ಲಿ ವಾಸನೆಯಿಲ್ಲದ ಒಂದು ಸೋಪು, ಅಷ್ಟೇ.

ಚಿಕಿತ್ಸೆ ನಡೆದಿದೆ. ಆದರೆ ಒಂದು ವರ್ಷದಿಂದ ಮಗು ಸ್ಟೇಜು ಹತ್ತಿಲ್ಲ. ಬಿಸಿಲಲ್ಲೂ ಸ್ವೆಟರು ಎಳೆದುಕೊಂಡು ಮೂಲೆಯಲ್ಲಿ ಕೂರುತ್ತಾಳೆ. ಇವತ್ತಿನ ರಾಕ್ಷಸನ ಪಾತ್ರಕ್ಕೆ ಹೇಗೋ ಒಪ್ಪಿದಳು. "ತಾತ, ಮುಖಕ್ಕೆ ಏನೂ ಬೇಡ. ಕೈ ತೊಳ್ಕೊಂಡ್ ಬಂದು ಬರೀ ಕಿರೀಟ ಕಟ್ಟು" ಅಂದಳು. ಮೂರು ಸಲ ತೊಳೆದೆ ಸಭಿಕರೇ, ಮೂರು ಸಲ!

ಆಗಿನಿಂದ ನಾನು ಪರದೆಯ ಕಡೆ ತಿರುಗಿ ತಿರುಗಿ ನೋಡುತ್ತಿರುವುದು ಅದಕ್ಕೇ. ಮಾತು ತಪ್ಪಿದ ತಾತನ ಮುಂದೆ ಬರುತ್ತಾಳೋ, ಸ್ವೆಟರಿನೊಳಗೇ ಉಳಿಯುತ್ತಾಳೋ?

ಅಗೋ! ಪರದೆಯ ಸಂದಿಯಲ್ಲಿ ಕಿರೀಟ! ಸ್ವೆಟರಿಲ್ಲ! ಕೈ ಬೀಸಿ ನನ್ನನ್ನು ಇಳಿ ಅನ್ನುತ್ತಿದ್ದಾಳೆ!

ಇಳಿದೆನಮ್ಮಾ, ಇಳಿದೆ. ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ವಂದನೆ. ಪರದೆ ಎಳೆಯಿರಿ. ನಮಸ್ಕಾರ.